ಮೂರನೇ ಶೀಟು

ನಮ್ಮ ಮೆಡಿಕಲ್ ಶಾಪಿನಲ್ಲಿ ಎಲ್ಲಕ್ಕಿಂತ ಬೇಗ ಮೊಂಡಾಗುವುದು ಕತ್ತರಿ. ಹತ್ತು ಗುಳಿಗೆಯ ಶೀಟನ್ನು ಐದಕ್ಕೆ, ಮೂರಕ್ಕೆ, ಕೆಲವೊಮ್ಮೆ ಎರಡಕ್ಕೂ ಕತ್ತರಿಸಿ ಕೊಡಬೇಕು. ಎಕ್ಸ್‌ಪೈರಿ ತಾರೀಖು ಇರುವ ತುದಿಯನ್ನು ಕೊನೆಯವರೆಗೂ ಉಳಿಸಿಕೊಳ್ಳಬೇಕು ಎಂದು ಕಲಿಸಿದವರು ನಮ್ಮಪ್ಪ. ದಾವಣಗೆರೆಯ ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಕೆಲಸ ಕಳಕೊಂಡವರಲ್ಲಿ ಅವರೂ ಒಬ್ಬರು. ಆಮೇಲೆ ಬಹಳ ವರ್ಷ ಯಾರದೋ ಔಷಧದ ಅಂಗಡಿಯಲ್ಲಿ ಕೌಂಟರಿಗೆ ನಿಂತರು. ನಾನು ಡಿ.ಫಾರ್ಮ ಮುಗಿಸಿದ ಮೇಲೆ ನನ್ನ ಹೆಸರಿನ ಲೈಸೆನ್ಸಿನಲ್ಲಿ ಸ್ವಂತದ್ದು ಮಾಡಿಕೊಂಡೆವು. ಅಪ್ಪ ಈಗಿಲ್ಲ. ಕತ್ತರಿ ಮಾತ್ರ ವರ್ಷಕ್ಕೆ ಎರಡು ಬದಲಾಗುತ್ತದೆ.

ನಮ್ಮದು ಆಸ್ಪತ್ರೆಗಳ ಊರು. ಎರಡು ಮೆಡಿಕಲ್ ಕಾಲೇಜು, ದೊಡ್ಡ ಜಿಲ್ಲಾ ಆಸ್ಪತ್ರೆ, ಗಲ್ಲಿಗೊಂದು ನರ್ಸಿಂಗ್ ಹೋಮು. ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ, ಅತ್ತ ಚಿತ್ರದುರ್ಗದ ಕಡೆಯಿಂದಲೂ ಜನ ಬೆಳಗಿನ ಬಸ್ಸಿಗೆ ಬರುತ್ತಾರೆ. ದಾವಣಗೆರೆಗೆ ಬೆಣ್ಣೆ ದೋಸೆ ತಿನ್ನಲು ಬರುವವರಿಗಿಂತ ಸ್ಕ್ಯಾನಿಂಗಿಗೆ ಖಾಲಿ ಹೊಟ್ಟೆಯಲ್ಲಿ ಬರುವವರು ಜಾಸ್ತಿ ಎಂದು ನಮ್ಮೊಳಗೇ ಒಂದು ತಮಾಷೆ ಇದೆ. ಅವರ ಕೈಯ ಚೀಟಿಗಳು ಕೊನೆಗೆ ನಮ್ಮಂಥವರ ಕೌಂಟರಿಗೆ ಬಂದು ಬೀಳುತ್ತವೆ.

ಇಪ್ಪತ್ತು ವರ್ಷ ಆ ಚೀಟಿ ಓದಿದ ಮೇಲೆ ನನಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿದೆ. ಶುಗರ್ ಗುಳಿಗೆಯವರು ತಪ್ಪದೆ ಬರುತ್ತಾರೆ. ಮೆಟ್‌ಫಾರ್ಮಿನ್ ಮುಗಿಯುವ ಎರಡು ದಿನ ಮೊದಲೇ ಖಾಲಿ ಶೀಟು ಹಿಡಿದು, ‘ಇದೇ ಕಂಪನೀದೇ ಕೊಡ್ರಿ ಅಕ್ಕಾರೆ’ ಅನ್ನುತ್ತಾರೆ. ಬಿ.ಪಿ.ಯವರೂ ಹಾಗೇ. ಅದೇ ಎಸ್ಸಿಟಲೊಪ್ರಾಮ್, ಸರ್ಟ್ರಾಲಿನ್ ಎಂಬ ಖಿನ್ನತೆಯ ಗುಳಿಗೆ ಬರೆಸಿಕೊಂಡು ಬಂದವರು ಮೊದಲ ಶೀಟು ಒಯ್ಯುತ್ತಾರೆ. ಕೆಲವರು ಎರಡನೆಯದಕ್ಕೆ ಬರುತ್ತಾರೆ. ಮೂರನೇ ಶೀಟಿಗೆ ಬರುವವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಹತ್ತು ಗುಳಿಗೆಗೆ ಹತ್ತು ದಿನ. ಮೂರನೇ ಶೀಟನ್ನು ಒಡೆಯುವುದು ಇಪ್ಪತ್ತೊಂದನೇ ದಿನ. ಈ ಗುಳಿಗೆಗಳು ಮನಸ್ಸಿಗೆ ಏನಾದರೂ ಒಳ್ಳೆಯದು ಮಾಡುವುದಿದ್ದರೆ ಅದು ತಿಳಿಯುವುದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಪೂರ್ತಿ ಗುಣ ಕಾಣಲು ಇನ್ನೂ ಹೆಚ್ಚು. ಆದರೆ ವಾಕರಿಕೆ, ತಲೆನೋವು, ಹೊಟ್ಟೆ ಕೆಡುವುದು, ಕೂತಲ್ಲಿ ಕೂರಲಾಗದ ಚಡಪಡಿಕೆ ಇವೆಲ್ಲ ಮೊದಲ ವಾರದಲ್ಲೇ ಹಾಜರು. ಅಂದರೆ ಮೊದಲ ಶೀಟಿನಲ್ಲಿ ಕಷ್ಟ, ಎರಡನೆಯದರಲ್ಲಿ ಅನುಮಾನ, ಮೂರನೆಯದರಲ್ಲಿ ಫಲ. ನಮ್ಮವರು ಎದ್ದು ಹೋಗುವುದು ಒಂದು ಮತ್ತು ಎರಡರ ನಡುವೆ.

ಮಾನಸಿಕ ಆರೋಗ್ಯದ ಸಂಶೋಧನೆ ಅಂದಕೂಡಲೇ ಪತ್ರಿಕೆಗಳು ಮಿದುಳಿನ ಬಣ್ಣದ ಚಿತ್ರ ಹಾಕುತ್ತವೆ. ನನಗೆ ಈ ಇಪ್ಪತ್ತೊಂದು ದಿನದ ಸಂಶೋಧನೆಯೇ ದೊಡ್ಡದಾಗಿ ಕಾಣುತ್ತದೆ.

ಮೊದಲು ಆ ಗುಳಿಗೆಯ ಹೆಸರಿನ ಪಾಡು ನೋಡಿ. ಕೌಂಟರಿನಲ್ಲಿ ಯಾರೂ ‘ಖಿನ್ನತೆ’ ಅನ್ನುವುದಿಲ್ಲ. ಅದು ಪತ್ರಿಕೆಯ ಶಬ್ದ. ಹುಡುಗರು ‘ಡಿಪ್ರೆಷನ್ನು’ ಅನ್ನುತ್ತಾರೆ, ಅದೂ ದನಿ ತಗ್ಗಿಸಿ. ಉಳಿದವರಿಗೆ ಅದು ನರದ ಗುಳಿಗೆ, ನಿದ್ದೆ ಗುಳಿಗೆ, ಟೆನ್ಶನ್ ಗುಳಿಗೆ, ಶಕ್ತಿ ಗುಳಿಗೆ. ‘ನರ ವೀಕ್ ಆಗ್ಯಾವಂತೆ, ಅದಕ್ಕೆ ಬರ್ಕೊಟ್ಟಾರೆ.’ ಮನೋವೈದ್ಯರೂ ‘ನರದ ಡಾಕ್ಟ್ರು’ ಆಗಿಬಿಡುತ್ತಾರೆ. ಮೊದಮೊದಲು ನಾನು ತಿದ್ದಲು ಹೋಗುತ್ತಿದ್ದೆ. ಈಗ ಹೋಗುವುದಿಲ್ಲ. ನರಕ್ಕೆ ಅಂದುಕೊಂಡರೆ ಮನೆಯವರ ಎದುರಿಗೇ ನುಂಗಬಹುದು. ತಲೆಗೆ ಅಂದರೆ ದೇವರ ಗೂಡಿನ ಹಿಂದೆ ಬಚ್ಚಿಡಬೇಕು. ಆದರೆ ಈ ಸುಳ್ಳಿಗೂ ಒಂದು ಬೆಲೆ ಇದೆ. ಶಕ್ತಿ ಗುಳಿಗೆಯಾದರೆ ಶಕ್ತಿ ಬಂದಕೂಡಲೇ ಬಿಡಬಹುದಲ್ಲ?

2023ರ ಹಿಂಗಾರಿನ ಹೊತ್ತಿಗೆ ಬಂದ ಒಬ್ಬ ಹೆಣ್ಣುಮಗಳು ನನಗೆ ಇವತ್ತಿಗೂ ನೆನಪು. ಅದು ಬರಗಾಲದ ವರ್ಷ. ಮೆಕ್ಕೆಜೋಳ ಮೊಣಕಾಲುದ್ದ ಬಂದು ಒಣಗಿತ್ತು. ಆಕೆಗೆ ಮೂವತ್ತೈದರ ಆಸುಪಾಸು. ಜಗಳೂರು ಸೀಮೆಯ ಮಾತು. ಕೈಚೀಲದ ತುಂಬ ರಿಪೋರ್ಟು: ರಕ್ತ, ಥೈರಾಯ್ಡು, ಹೊಟ್ಟೆಯ ಸ್ಕ್ಯಾನು, ಎದೆಯ ಎಕ್ಸರೇ. ಎಲ್ಲವೂ ನಾರ್ಮಲ್. ಎದೆ ಉರಿ, ಕೈಕಾಲು ಜೋಮು, ತಲೆ ಭಾರ, ಒಲೆ ಮುಂದೆ ಕೂತರೆ ಏಳಲು ಮನಸ್ಸಿಲ್ಲ. ನಾಲ್ಕನೆಯ ಡಾಕ್ಟರು ಎಸ್ಸಿಟಲೊಪ್ರಾಮ್ ಹತ್ತು ಮಿಲಿಗ್ರಾಂ ಬರೆದು, ಜೊತೆಗೆ ರಾತ್ರಿಗೆ ಅಲ್ಪ್ರಾಜೋಲಾಮ್ ಸೇರಿಸಿದ್ದರು. ಯಾತಕ್ಕೆ ಅಂತ ಹೇಳಿರಲಿಲ್ಲ.

‘ಡಾಕ್ಟ್ರು ಏನಂದ್ರವ್ವಾ?’ ಅಂತ ಕೇಳಿದೆ.

‘ಏನೂ ಇಲ್ಲ ಅಂದ್ರು ಅಕ್ಕಾ. ಏನೂ ಇಲ್ಲ ಅಂದ್ಮ್ಯಾಲೆ ಇಷ್ಟು ಗುಳಿಗೆ ಯಾಕೆ?’

ನನ್ನ ಹತ್ತಿರ ಉತ್ತರ ಇತ್ತು. ಆದರೆ ಹಿಂದೆ ಐದು ಜನ ನಿಂತಿದ್ದರು. ಆಕೆಯ ಗಂಡ ಬಸ್ಸಿನ ಟೈಮು ನೋಡುತ್ತಿದ್ದ. ‘ಊಟ ಆದ್ಮೇಲೆ ತಗೋ, ಹತ್ತು ದಿನ ಬಿಟ್ಟು ಬಾ’ ಎಂದು ಕವರಿನ ಮೇಲೆ ಗೆರೆ ಎಳೆದು ಕೊಟ್ಟೆ. ಆಕೆ ಮೊದಲ ಶೀಟು ಒಯ್ದಳು. ಎರಡನೆಯದಕ್ಕೆ ಬರಲಿಲ್ಲ.

ಡಾಕ್ಟರರನ್ನು ಬೈಯುವುದು ಸುಲಭ. ನಾನೂ ಮನಸ್ಸಿನಲ್ಲಿ ಬೈದೆ. ಆದರೆ ಓಪಿಡಿಯ ಸಾಲು ನೋಡಿದವರಿಗೆ ಕೋಪ ಬಹಳ ಹೊತ್ತು ಉಳಿಯುವುದಿಲ್ಲ. ಡಾಕ್ಟರು ಒಬ್ಬೊಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಎಂದು 67 ದೇಶಗಳ ಲೆಕ್ಕ ಒಟ್ಟುಗೂಡಿಸಿದ ಅಧ್ಯಯನವೊಂದು 2017ರಲ್ಲಿ ಬಂತು. ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ. ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಪ್ರಪಂಚದ ಅರ್ಧದಷ್ಟು ಜನರಿರುವ ದೇಶಗಳಲ್ಲಿ ಐದು ನಿಮಿಷ ಇಲ್ಲವೇ ಅದಕ್ಕೂ ಕಡಿಮೆ. ಆ ಐದು ನಿಮಿಷದಲ್ಲಿ ಎದೆ ಉರಿಯನ್ನು ಕೇಳಬಹುದು. ಎದೆಯೊಳಗಿನದನ್ನು ಕೇಳಲು ಆಗುವುದಿಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ನೂರರಲ್ಲಿ 70ರಿಂದ 92 ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಕಾಡುವುದು ಉಳಿದ ಆ ಎಂಟೋ ಮೂವತ್ತೋ ಜನ. ಚಿಕಿತ್ಸೆಯ ಬಾಗಿಲವರೆಗೂ ಬಂದು, ಹೊಸ್ತಿಲಲ್ಲೇ ಚಪ್ಪಲಿ ಹಾಕಿಕೊಂಡು ವಾಪಸು ಹೋದವರು ಅದರಲ್ಲಿ ಎಷ್ಟು?

ಆಕೆಯ ಚೀಟಿಯಲ್ಲಿದ್ದ ಎರಡನೇ ಗುಳಿಗೆಯ ವಿಷಯ ಬೇರೆ. ಅಲ್ಪ್ರಾಜೋಲಾಮ್ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಕೆಲಸ ತೋರಿಸುತ್ತದೆ. ಎದೆ ಬಡಿತ ಇಳಿಯುತ್ತದೆ, ಕಣ್ಣು ಎಳೆಯುತ್ತದೆ. ‘ಆ ಸಣ್ಣ ಗುಳಿಗೇನೇ ಚಲೋ ಅಕ್ಕಾರೆ, ಈ ದೊಡ್ಡದು ಏನೂ ಕೆಲಸ ಮಾಡಲ್ಲ’ ಎಂದು ಜನ ತೀರ್ಪು ಕೊಡುತ್ತಾರೆ. ಕೂಡಲೇ ಕೆಲಸ ಮಾಡುವುದೇ ಒಳ್ಳೆಯ ಔಷಧ ಎನ್ನುವ ನಂಬಿಕೆ ನಮ್ಮಲ್ಲಿ ಬೇರು ಬಿಟ್ಟಿದೆ. ಇಂಜೆಕ್ಷನ್ ಕೊಡದ ಡಾಕ್ಟರು ಡಾಕ್ಟರೇ ಅಲ್ಲ ಅನ್ನುವ ಸೀಮೆ ಇದು. ಅಲ್ಪ್ರಾಜೋಲಾಮ್ ಅಭ್ಯಾಸಕ್ಕೆ ಬೀಳಿಸುತ್ತದೆ. ವಾರಗಟ್ಟಲೆ ತಗೊಂಡು ಒಮ್ಮೆಲೇ ಬಿಟ್ಟರೆ ಮೊದಲಿಗಿಂತ ಹೆಚ್ಚು ಕಳವಳ, ನಿದ್ದೆಗೇಡು. 2014ರ ಮಾರ್ಚಿನಿಂದ ಅದು ಶೆಡ್ಯೂಲ್ ಎಚ್1 ಎಂಬ ಕಟ್ಟುನಿಟ್ಟಿನ ಔಷಧಗಳ ಪಟ್ಟಿಯಲ್ಲಿದೆ. ಕೊಟ್ಟ ಪ್ರತಿ ಸಲವೂ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಗುಳಿಗೆ ಎಂದು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ರಿಜಿಸ್ಟರಿನಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ಎಸ್ಸಿಟಲೊಪ್ರಾಮಿಗೆ ಅಂಥ ರಿಜಿಸ್ಟರೇ ಇಲ್ಲ. ಇದ್ದಿದ್ದರೆ ಅದರಲ್ಲಿ ಒಂದೊಂದು ಹೆಸರು ಒಂದೊಂದೇ ಸಲ ಇರುತ್ತಿತ್ತೇನೋ.

ಈ ನಡುವೆ ಮೊಬೈಲಿನ ಕಾಟ. ನಮ್ಮ ಕಾಯಂ ಗಿರಾಕಿ ಒಬ್ಬರು ರಿಟೈರ್ಡ್ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ಸರ್ಟ್ರಾಲಿನ್ ಶುರುವಾಗಿತ್ತು. ಒಂದು ದಿನ ಫೋನನ್ನು ನನ್ನ ಮುಖಕ್ಕೇ ಹಿಡಿದರು. ‘ನೋಡ್ರವ್ವಾ, ಸಿರೊಟೋನಿನ್ನು ಗಿರೊಟೋನಿನ್ನು ಎಲ್ಲಾ ಸುಳ್ಳಂತೆ. ವಿಜ್ಞಾನಿಗಳೇ ಹೇಳಿದಾರೆ. ಇಷ್ಟು ದಿನ ನಂಗೆ ಏನು ತಿನ್ನಿಸಿದ್ರಿ?’

ಸುದ್ದಿ ಸುಳ್ಳಲ್ಲ. 2022ರಲ್ಲಿ ಲಂಡನ್ನಿನ ಜೊವಾನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಜಾಲಿಸಿ, ಖಿನ್ನತೆ ಬರುವುದು ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗಿ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ ಎಂದು ಬರೆದರು. ಅದರ ಮೇಲೆ ದೊಡ್ಡ ವಾಗ್ವಾದವೇ ನಡೆಯಿತು. ಆದರೆ ‘ಯಾಕೆ ಕೆಲಸ ಮಾಡುತ್ತದೆ’ ಬೇರೆ ಪ್ರಶ್ನೆ, ‘ಕೆಲಸ ಮಾಡುತ್ತದೆಯೇ’ ಬೇರೆ ಪ್ರಶ್ನೆ. ಎರಡನೆಯದಕ್ಕೆ 2018ರಲ್ಲಿ ಆಕ್ಸ್‌ಫರ್ಡಿನ ಆಂಡ್ರಿಯಾ ಚಿಪ್ರಿಯಾನಿ ತಂಡ 522 ಪ್ರಯೋಗಗಳ, 1,16,477 ಜನರ ಲೆಕ್ಕ ಸೇರಿಸಿ ಉತ್ತರ ಕೊಟ್ಟಿತ್ತು. ತೂಗಿ ನೋಡಿದ 21 ಔಷಧಗಳೂ ಉತ್ತುತ್ತಿ ಗುಳಿಗೆಗಿಂತ ಮೇಲು. ಉತ್ತುತ್ತಿ ಅಂದರೆ ಔಷಧವಿಲ್ಲದ, ನೋಡಲು ಮಾತ್ರ ಗುಳಿಗೆ. ಆದರೆ ಮೇಲು ಎಂದರೆ ಆಕಾಶದಷ್ಟು ಮೇಲಲ್ಲ, ಸಾಧಾರಣ. ಹೆಚ್ಚಿನ ಪ್ರಯೋಗಗಳು ಎಂಟು ವಾರದವು. ಎರಡನ್ನೂ ಒಟ್ಟಿಗೆ ನಂಬಲು ನನಗೇನೂ ತೊಂದರೆಯಿಲ್ಲ. ನಾವು ಸಾವಿರಗಟ್ಟಲೆ ಮಾರುವ ಪ್ಯಾರಸಿಟಮಾಲ್ ನೋವನ್ನು ಹೇಗೆ ಇಳಿಸುತ್ತದೆ ಎಂಬುದರ ಬಗ್ಗೆಯೇ ಇನ್ನೂ ಚರ್ಚೆ ಮುಗಿದಿಲ್ಲ.

ಇಲ್ಲೊಂದು ಸ್ವಾರಸ್ಯ. ಈ ರಾಸಾಯನಿಕದ ಸಿದ್ಧಾಂತ ಹುಟ್ಟಿದ್ದರಲ್ಲಿ ನಮ್ಮ ಸರ್ಪಗಂಧದ ಬೇರಿನ ಪಾಲೂ ಇದೆ. ಬಿ.ಪಿ.ಗೂ ಬುದ್ಧಿಭ್ರಮಣೆಗೂ ಅದನ್ನು ಬಳಸುವ ಬಗ್ಗೆ ಕಲ್ಕತ್ತೆಯ ಇಬ್ಬರು ವೈದ್ಯರು, ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್, 1931ರಲ್ಲೇ ಬರೆದಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಬಿ.ಪಿ.ಗೆ ಅದನ್ನು ತಗೊಂಡವರಲ್ಲಿ ಕೆಲವರು ಮಂಕಾದರು ಎಂಬ ವರದಿಗಳು ಬಂದವು. ಅದು ಮಿದುಳಿನ ಕೆಲವು ರಾಸಾಯನಿಕಗಳನ್ನು ಬರಿದು ಮಾಡುತ್ತದೆ ಎಂದು ಗೊತ್ತಾಯಿತು. ಹಾಗಾದರೆ ಮಂಕು ಎಂದರೆ ಆ ರಾಸಾಯನಿಕಗಳ ಕೊರತೆಯೇ ಇರಬೇಕು ಎಂದು ಊಹೆ ಹೊರಟಿತು. ಊಹೆಯನ್ನು ಅರ್ಧ ಶತಮಾನ ಸತ್ಯ ಎಂದು ಮಾರಿದ್ದು ವ್ಯಾಪಾರಿಗಳ ತಪ್ಪು. ವ್ಯಾಪಾರಿಗಳಲ್ಲಿ ನಾನೂ ಒಬ್ಬಳು. ‘ಮಿದುಳಿನಲ್ಲಿ ಒಂದು ಕೆಮಿಕಲ್ ಕಡಿಮೆ ಆಗಿದೆ ಅಷ್ಟೆ, ಶುಗರ್ ಇದ್ದಂಗೆ’ ಎಂದು ನೂರಾರು ಸಲ ಹೇಳಿದ್ದೇನೆ. ಕೇಳಲು ಹಿತವಾದ ಮಾತು. ಯಾರಿಗೂ ಅವಮಾನವಿಲ್ಲ. ಈಗ ಹೇಳುವುದಿಲ್ಲ.

ಮೇಷ್ಟ್ರಿಗೆ ಇದನ್ನೆಲ್ಲ ಹೇಳಲು ಇಪ್ಪತ್ತು ನಿಮಿಷ ಹಿಡಿಯಿತು. ಮಧ್ಯಾಹ್ನ ಗಿರಾಕಿ ಇರಲಿಲ್ಲ, ಅದಕ್ಕೆ ಸಾಧ್ಯವಾಯಿತು. ಕೊನೆಗೆ ಅವರು ಕೇಳಿದ್ದು ಒಳ್ಳೆಯ ಪ್ರಶ್ನೆ: ‘ಹಂಗಾರೆ ಎಲ್ಲೀತನಕ ನುಂಗಬೇಕು? ಗೂಟ ಹೊಡ್ಕೊಂಡಂಗೆ ಸಾಯೋತನಕನಾ?’ ಅದಕ್ಕೂ ಒಂದು ಪ್ರಯೋಗ ಆಗಿದೆ. ಬ್ರಿಟನ್ನಿನಲ್ಲಿ ಬಹಳ ದಿನ ಗುಳಿಗೆ ತಗೊಂಡು ಈಗ ಚೆನ್ನಾಗಿದ್ದ, ಬಿಡಬಹುದೇನೋ ಎಂದುಕೊಂಡಿದ್ದ 478 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅದೇ ಗುಳಿಗೆ. ಇನ್ನೊಂದಕ್ಕೆ ನಿಧಾನವಾಗಿ ಇಳಿಸುತ್ತಾ ಉತ್ತುತ್ತಿ ಗುಳಿಗೆ. 2021ರಲ್ಲಿ ಫಲಿತಾಂಶ ಬಂತು. ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಬಿಟ್ಟವರಲ್ಲಿ ನೂರಕ್ಕೆ 56, ಮುಂದುವರಿಸಿದವರಲ್ಲಿ 39. ಬಿಟ್ಟರೆ ಅಪಾಯ ಹೆಚ್ಚು, ನಿಜ. ಆದರೆ ಬಿಟ್ಟವರಲ್ಲೂ ನೂರಕ್ಕೆ 44 ಜನ ಚೆನ್ನಾಗಿಯೇ ಉಳಿದರು. ‘ಡಾಕ್ಟರನ್ನ ಕೇಳಿ ಮೆಲ್ಲಕೆ ಇಳಿಸಿ ಮೇಷ್ಟ್ರೇ, ಒಂದೇ ಏಟಿಗೆ ಬ್ಯಾಡ’ ಎಂದೆ. ಮೇಷ್ಟ್ರು ಲೆಕ್ಕದವರು. 56 ಮತ್ತು 39ನ್ನು ನನ್ನ ಬಿಲ್ ಬುಕ್ಕಿನ ಹಿಂದೆ ಬರೆದುಕೊಂಡು ಹಾಳೆ ಹರಿದುಕೊಂಡೇ ಹೋದರು.

ಇಷ್ಟೆಲ್ಲ ತಿಳಿದ ನಾನು ಏನು ಮಾಡಿದೆ ಅಂತಲೂ ಹೇಳಬೇಕು.

2021ರ ಮೇ ತಿಂಗಳು. ಕೊರೊನಾದ ಎರಡನೇ ಅಲೆ. ಅಂಗಡಿ ಮುಂದೆ ಸಾಲು. ಆಕ್ಸಿಮೀಟರ್ ಇಲ್ಲ, ಆ ಇಂಜೆಕ್ಷನ್ ಇಲ್ಲ, ಈ ಗುಳಿಗೆ ಇಲ್ಲ. ‘ಇಲ್ಲ’ ಅನ್ನುವುದೇ ನನ್ನ ಕೆಲಸವಾಗಿತ್ತು. ಅದೇ ತಿಂಗಳು ಅವ್ವ ಹೋದಳು. ಮಣ್ಣಿಗೆ ಹೋಗಲು ಬೆರಳೆಣಿಕೆಯ ಜನಕ್ಕೆ ಮಾತ್ರ ಅವಕಾಶ. ಆಮೇಲೆ ಎರಡು ತಿಂಗಳು ನಾನು ಚೆನ್ನಾಗಿಯೇ ಇದ್ದೆ ಎಂದು ಎಲ್ಲರೂ ಹೇಳುತ್ತಾರೆ. ಆಗಸ್ಟಿನಲ್ಲಿ ಒಂದು ದಿನ ಸ್ಟಾಕಿನ ಲೆಕ್ಕ ಬರೆಯಲು ಕೂತವಳು ಒಂದೇ ಡಬ್ಬಿಯನ್ನು ಏಳು ಸಲ ಎಣಿಸಿದೆ. ಮೂರು ಗಂಟೆಗೆ ಎಚ್ಚರ, ಬೆಳಗಿನವರೆಗೂ ಎದೆಯ ಮೇಲೆ ಒರಳುಕಲ್ಲು. ಡಾಕ್ಟರು ಎಸ್ಸಿಟಲೊಪ್ರಾಮ್ ಬರೆದರು. ಅದನ್ನು ನನ್ನದೇ ರ‍್ಯಾಕಿನಿಂದ ತೆಗೆದುಕೊಂಡು, ಬಿಲ್ಲಿನಲ್ಲಿ ಬೇರೆ ಏನೋ ಹೆಸರು ಹಾಕಿದೆ. ಯಾರಿಗೆ ಹೆದರಿ? ಅಂಗಡಿಯಲ್ಲಿದ್ದವಳು ನಾನೊಬ್ಬಳೇ.

ಒಂಬತ್ತನೇ ದಿನ ಬಿಟ್ಟೆ. ವಾಕರಿಕೆಗೆ ಉಪ್ಪಿಟ್ಟಿನ ವಾಸನೆಯೂ ಸೇರುತ್ತಿರಲಿಲ್ಲ. ‘ಇದು ನನಗಲ್ಲ, ನನಗೆ ಆಗಿರೋದು ದುಃಖ, ಕಾಯಿಲೆ ಅಲ್ಲ’ ಎಂದು ನನಗೆ ನಾನೇ ಅಂದುಕೊಂಡೆ. ಕೌಂಟರಿನ ಆ ಕಡೆಯವರು ಹೇಳುವ ಮಾತನ್ನೇ ಈ ಕಡೆ ನಿಂತು ಹೇಳಿದೆ. ಎರಡು ವಾರದಲ್ಲಿ ಮತ್ತೆ ಒರಳುಕಲ್ಲು. ಮತ್ತೆ ಡಾಕ್ಟರು. ಈ ಸಲ ಅರ್ಧ ಗುಳಿಗೆಯಿಂದ ಶುರು.

ಎರಡನೇ ಸಲ ನಾನು ಮೂರನೇ ಶೀಟು ಮುಟ್ಟಿದ್ದಕ್ಕೆ ಕಾರಣ ನನ್ನ ಓದಲ್ಲ. ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. ಆಗ ಅವನಿಗೆ ಹತ್ತೊಂಬತ್ತು ವರ್ಷ. ನಾನು ಬೆಳಿಗ್ಗೆ ಏನೋ ನುಂಗುವುದನ್ನು ನೋಡಿ ಅದು ಬಿ.ಪಿ. ಗುಳಿಗೆ ಅಂದುಕೊಂಡಿದ್ದ. ಅವನಮ್ಮನಿಗೂ ಬಿ.ಪಿ. ಇತ್ತು. ದಿನಾ ಶಟರ್ ಎತ್ತಿ, ಕಸ ಹೊಡೆದು, ಊದಿನಕಡ್ಡಿ ಹಚ್ಚಿ, ‘ಅಕ್ಕಾ, ಗುಳಿಗೆ ಆತಾ?’ ಅನ್ನುತ್ತಿದ್ದ. ಆತಪ್ಪ ಅನ್ನುವುದಕ್ಕಾದರೂ ನುಂಗಬೇಕಿತ್ತು. ಇಪ್ಪತ್ತನಾಲ್ಕನೇ ದಿನವೋ ಇಪ್ಪತ್ತೈದನೇ ದಿನವೋ, ಪಕ್ಕದ ಓಣಿಯಿಂದ ಮೆಣಸಿನಕಾಯಿ ಬಜ್ಜಿಯ ವಾಸನೆ ಬಂತು. ಮಂಡಕ್ಕಿ ಜೊತೆ ತಿನ್ನಬೇಕು ಅನ್ನಿಸಿತು. ತಿಂದೆ. ಅಷ್ಟೇ ಆದದ್ದು. ಗುಳಿಗೆಯಿಂದಲೋ, ದಿನ ಕಳೆದದ್ದರಿಂದಲೋ, ಆ ಹುಡುಗನಿಂದಲೋ ನನಗೆ ಬೇರ್ಪಡಿಸಲು ಬರುವುದಿಲ್ಲ. ಒಬ್ಬಳ ಕಥೆಯಿಂದ ಯಾವುದೂ ಸಾಬೀತಾಗುವುದಿಲ್ಲ. ಸಂಶೋಧಕರು ಸಾವಿರ ಜನರನ್ನು ಚೀಟಿ ಎತ್ತಿ ಗುಂಪು ಮಾಡುವುದು ಇದಕ್ಕೇ.

ಹಾಗೆ ಗುಂಪು ಮಾಡಿ ನೋಡಿದವರಿದ್ದಾರೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಇಂಪ್ಯಾಕ್ಟ್ ಎಂಬ ಪ್ರಯೋಗದಲ್ಲಿ ಖಿನ್ನತೆಯಿದ್ದ 1,801 ವಯಸ್ಸಾದವರನ್ನು ಸೇರಿಸಿಕೊಂಡರು. ಅರ್ಧ ಜನಕ್ಕೆ ಮಾಮೂಲು ಚಿಕಿತ್ಸೆ. ಉಳಿದರ್ಧಕ್ಕೆ ಒಬ್ಬ ನರ್ಸ್ ಅಥವಾ ಮನಶ್ಶಾಸ್ತ್ರ ಓದಿದವರು ಬೆನ್ನಿಗೆ: ಗುಳಿಗೆ ತಗೊಂಡಿರಾ, ಹೇಗಿದೆ, ಆಗದಿದ್ದರೆ ಡಾಕ್ಟರಿಗೆ ಹೇಳಿ ಬದಲಿಸೋಣ. ವರ್ಷದ ಕೊನೆಗೆ ಕಾಯಿಲೆಯ ಭಾರ ಅರ್ಧಕ್ಕೆ ಇಳಿದವರು ಮಾಮೂಲಿನ ಗುಂಪಿನಲ್ಲಿ ನೂರಕ್ಕೆ 19, ಇನ್ನೊಂದರಲ್ಲಿ 45. ಅಲ್ಲಿ ಹೊಸ ಔಷಧ ಯಾವುದೂ ಇರಲಿಲ್ಲ. ನಮ್ಮ ದೇಶದಲ್ಲೂ ಶುಗರ್ ಮತ್ತು ಖಿನ್ನತೆ ಎರಡೂ ಇದ್ದ 404 ಜನರನ್ನು ನಾಲ್ಕು ಶುಗರ್ ಕ್ಲಿನಿಕ್ಕುಗಳಲ್ಲಿ ಹೀಗೇ ಗುಂಪು ಮಾಡಿ ಎರಡು ವರ್ಷದವರೆಗೆ ನೋಡಿದರು. 2020ರಲ್ಲಿ ಬಂದ ಆ ವರದಿಯಲ್ಲೂ ಬೆನ್ನಿಗೆ ಒಬ್ಬರಿದ್ದ ಗುಂಪಿನದೇ ಮೇಲುಗೈ. ಮನಸ್ಸಿನ ಜೊತೆ ಶುಗರ್, ಬಿ.ಪಿ., ಕೊಬ್ಬು ಇವುಗಳಲ್ಲಿ ಒಂದರ ಲೆಕ್ಕವಾದರೂ ಸುಧಾರಿಸಿದವರು ಆ ಗುಂಪಿನಲ್ಲಿ ಹೆಚ್ಚು.

ಗೋವಾದ್ದು ನನಗೆ ಇನ್ನೂ ಹತ್ತಿರದ್ದು. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತವರ ತಂಡ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನಶ್ಶಾಸ್ತ್ರದ ಗಂಧವೇ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಖಿನ್ನತೆಯವರ ಜೊತೆ ಆರೆಂಟು ಸಲ ಕೂತು ಮಾತಾಡಿಸಿತು. ಬರೀ ಸಮಾಧಾನದ ಮಾತಲ್ಲ. ಮನಸ್ಸು ಬಂದ ಮೇಲೆ ಕೆಲಸ ಎಂದು ಕಾಯಬೇಡ, ಒಂದು ಸಣ್ಣ ಕೆಲಸ ಹಿಡಿ, ಮನಸ್ಸು ಹಿಂದಿನಿಂದ ಬರುತ್ತದೆ ಎನ್ನುವುದು ಅದರ ಹೂರಣ. 2017ರ ಆ ವರದಿಯಲ್ಲಿ ಮೂರು ತಿಂಗಳಿಗೆ ಚೇತರಿಸಿಕೊಂಡವರು ನೂರಕ್ಕೆ 64. ಮಾಮೂಲು ಗುಂಪಿನಲ್ಲಿ 39. ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು ಕ್ಲಿನಿಕ್ಕಿನ ಅಂಗಳದಲ್ಲಿ ಬೆಂಚು ಹಾಕಿಸಿ ಅಜ್ಜಿಯರನ್ನು ರೋಗಿಗಳ ಜೊತೆ ಮಾತಿಗೆ ಕೂರಿಸಿದರು. 573 ಜನರ ಮೇಲೆ ನಡೆದ ಅದರ ಪರೀಕ್ಷೆ 2016ರಲ್ಲಿ ಪ್ರಕಟವಾಯಿತು. ಅಲ್ಲಿನ ಶೋನಾ ಭಾಷೆಯಲ್ಲಿ ಈ ಕಾಯಿಲೆಗೆ ‘ಕುಫುಂಗಿಸಿಸ’ ಅನ್ನುತ್ತಾರಂತೆ. ಅತಿಯಾಗಿ ಯೋಚಿಸುವುದು ಎಂದರ್ಥ. ‘ಬಾಳ ಇಚಾರ ಮಾಡ್ತಾಳ್ರಿ’ ಎಂದು ನಮ್ಮ ಕೌಂಟರಿನಲ್ಲಿ ಗಂಡಂದಿರು ಹೇಳುವುದೂ ಇದನ್ನೇ.

ಇಂಥದ್ದು ಓದಿದ ಕೂಡಲೇ ‘ನಮ್ಮ ಹಳ್ಳಿ ಕಟ್ಟೆ ಮೇಲೆ ಇದೆಲ್ಲಾ ಮೊದಲೇ ಇತ್ತು’ ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಕಟ್ಟೆಯ ಮೇಲೆ ಹೆಂಗಸರು ಯಾವತ್ತು ಕೂತಿದ್ದರು? ಕಟ್ಟೆಗೆ ಬಿದ್ದ ಮಾತು ಸಂಜೆಯೊಳಗೆ ಊರಿಗೆ ಗೊತ್ತು. ಹರಾರೆಯ ಅಜ್ಜಿಗೆ ತರಬೇತಿ ಇದೆ, ಮೇಲ್ವಿಚಾರಕರಿದ್ದಾರೆ, ಯಾರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂಬುದು ಗೊತ್ತಿದೆ. ಅದರಲ್ಲೂ ಇಪ್ಪತ್ತೈದರ ಒಳಗಿನ ಹುಡುಗ ಹುಡುಗಿಯರಿಗೆ ಗುಳಿಗೆ ಶುರುವಾದ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಾಗಬಹುದು ಎಂದು ಅಮೆರಿಕದ ಔಷಧ ಇಲಾಖೆ 2007ರಿಂದ ಕಪ್ಪು ಚೌಕದಲ್ಲಿ ಎಚ್ಚರಿಕೆ ಹಾಕಿಸುತ್ತಿದೆ. ಆ ವಾರಗಳಲ್ಲಿ ಕಣ್ಣಿಟ್ಟು ನೋಡುವವರು ಬೇಕು. ಬುದ್ಧಿ ಹೇಳುವವರು ಅಲ್ಲ.

ನಮ್ಮ ಜಿಲ್ಲೆಯಲ್ಲಿ ಏನೂ ಇಲ್ಲವೆಂದಲ್ಲ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದವರನ್ನು ಅವರವರ ಊರಿನಲ್ಲೇ ಹುಡುಕಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಕೈಬಿಡದೆ ನೋಡಿಕೊಳ್ಳುವ ನಿಮ್ಹಾನ್ಸಿನ ಕೆಲಸ ತೀರ್ಥಹಳ್ಳಿ, ತುರುವೇಕೆರೆಯ ಜೊತೆಗೆ ನಮ್ಮ ಜಗಳೂರಿನಲ್ಲೂ ನಡೆದಿದೆ. ತೀರ್ಥಹಳ್ಳಿಯಲ್ಲಿ ಅವರು ಕಂಡದ್ದು ಸರಳ. ಗುಳಿಗೆ ಬಿಡದೆ ತಗೊಂಡವರ ಕೈಕಾಲು ಕೆಲಸಕ್ಕೆ ಮರಳಿತು, ತಗೊಳ್ಳದವರದು ಇದ್ದಲ್ಲೇ ಉಳಿಯಿತು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. 2022ರ ಅಕ್ಟೋಬರಿನಿಂದ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಟೆಲಿ ಮಾನಸ್ ಫೋನು, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ತೂಕದ ಯಂತ್ರದ ಮೇಲೆ ಅಂಟಿಸಿದ್ದೇನೆ. ತೂಕ ನೋಡುವ ನೆಪದಲ್ಲಿ ಓದಿಕೊಳ್ಳಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಹೊಸ ಔಷಧಗಳೂ ಬರುತ್ತಿವೆ. ಬಾಣಂತಿಯರ ಖಿನ್ನತೆಗೆ ಜುರಾನೊಲೋನ್ ಎಂಬುದಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹದಿನಾಲ್ಕೇ ದಿನದ ಕೋರ್ಸು. ಇದು ಯಾರೋ ನಮ್ಮೂರಿನ ಗಿರಾಕಿಗಳನ್ನು ನೋಡಿಯೇ ಮಾಡಿರಬೇಕು ಅನ್ನಿಸಿ ನಗು ಬಂತು. ನನ್ನ ರ‍್ಯಾಕಿಗೆ ಅದು ಬಂದಿಲ್ಲ. ಬಂದರೂ ಆ ಬೆಲೆಗೆ ಕತ್ತರಿ ಸಾಲುವುದಿಲ್ಲ.

ಅಂಗಡಿಯ ಹುಡುಗನ ‘ಗುಳಿಗೆ ಆತಾ?’ ಪ್ರಶ್ನೆಯನ್ನೇ ನಾನೂ ಕೇಳೋಣ ಎಂದು ಒಂದಿಷ್ಟು ದಿನ ಹೊರಟೆ. ಮೊದಲ ಶೀಟು ಒಯ್ದವರ ನಂಬರು ಬರೆದುಕೊಂಡು ಎಂಟನೇ ದಿನ ಫೋನು. ಮೊದಲ ನಾಲ್ಕೈದು ಕರೆ ಚೆನ್ನಾಗಿಯೇ ಹೋದವು. ಆರನೆಯದನ್ನು ಗಂಡ ಎತ್ತಿದ. ‘ಯಾವ ಗುಳಿಗೆ? ಯಾರಿಗೆ? ನಮ್ಮನೇಲಿ ಹುಚ್ರು ಯಾರಿದಾರ್ರಿ?’ ಹೆಂಡತಿ ಅವನಿಗೆ ಹೇಳದೆ ಬಂದು ಒಯ್ದಿದ್ದಳು. ಹಿಂದಿನಿಂದ ಅವಳ ದನಿ ಕೇಳಿಸಿತು, ಆಮೇಲೆ ಫೋನು ಕಟ್ಟಾಯಿತು. ಆ ರಾತ್ರಿ ನಾನು ಮಲಗಲಿಲ್ಲ. ಒಳ್ಳೆಯದು ಮಾಡುವ ಹುಮ್ಮಸ್ಸಿನಲ್ಲಿ ಒಬ್ಬಳ ಗುಟ್ಟನ್ನು ಬಯಲು ಮಾಡಿದ್ದೆ. ಅವಳು ಮತ್ತೆ ನನ್ನ ಅಂಗಡಿಗೆ ಬರಲಿಲ್ಲ, ಬರುವುದೂ ಬೇಡ. ಆ ನೋಟ್‌ಬುಕ್ಕನ್ನು ಬಚ್ಚಲ ಒಲೆಗೆ ಹಾಕಿದೆ. ಈಗ ಕೊಡುವಾಗಲೇ ಹೇಳುತ್ತೇನೆ. ಮೊದಲ ವಾರ ಹೊಟ್ಟೆ ತೊಳೆಸುತ್ತದೆ, ಹೆದರಬೇಡಿ. ಎರಡನೇ ವಾರ ಏನೂ ಆಗಿಲ್ಲ ಅನ್ನಿಸುತ್ತದೆ, ಆಗಲೂ ನಿಲ್ಲಿಸಬೇಡಿ. ಮನಸ್ಸು ಮೊದಲಿಗಿಂತ ಕೆಟ್ಟರೆ ಮಾತ್ರ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಹೇಳಲು ಒಂದು ನಿಮಿಷ ಸಾಕು. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ. ಇದರಿಂದ ಎಷ್ಟು ಜನ ಮೂರನೇ ಶೀಟಿಗೆ ಬರುತ್ತಿದ್ದಾರೆ ಎಂದು ಲೆಕ್ಕ ಇಟ್ಟಿಲ್ಲ. ನೋಟ್‌ಬುಕ್ಕು ಇಡಲು ಕೈ ಬರುತ್ತಿಲ್ಲ.

ಜಗಳೂರು ಸೀಮೆಯ ಆ ಹೆಣ್ಣುಮಗಳನ್ನು ಇನ್ನೊಂದು ಸಲ ನೋಡಿದೆ. 2024ರ ದುಗ್ಗಮ್ಮನ ಜಾತ್ರೆಯಲ್ಲಿ. ಎರಡು ವರ್ಷಕ್ಕೊಮ್ಮೆಯ ಜಾತ್ರೆ, ಕಾಲಿಡಲು ಜಾಗವಿಲ್ಲ. ಬಳೆ ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಮುಂದೆ ಚಾಚಿದ್ದಳು. ಬಳೆಗಾರ್ತಿ ಏನೋ ಅಂದಿದ್ದಕ್ಕೆ ತಲೆ ಹಿಂದಕ್ಕೆ ಹಾಕಿ ನಕ್ಕಳು. ಮೈ ತುಂಬಿಕೊಂಡಿತ್ತು. ನನ್ನನ್ನು ನೋಡಿದಳು, ಗುರುತೂ ಹಿಡಿದಳು. ಅದು ಕಣ್ಣಿನಲ್ಲೇ ಗೊತ್ತಾಯಿತು. ಮರುಕ್ಷಣ ಬಳೆಯ ರೇಟು ಕೇಳಲು ಆ ಕಡೆ ತಿರುಗಿದಳು.

ಗುಳಿಗೆ ಇಲ್ಲದೆಯೇ ಹಗುರಾದಳೋ, ಮುಂಗಾರಿನ ಆಸೆಗೋ, ಅಥವಾ ಎರಡು, ಮೂರು, ನಾಲ್ಕನೇ ಶೀಟುಗಳನ್ನು ತನ್ನನ್ನು ಯಾರೂ ಅರಿಯದ ಇನ್ನೊಂದು ಅಂಗಡಿಯಲ್ಲಿ ಕೊಂಡಳೋ. ನಮ್ಮ ಓಣಿಯವರೂ ಈ ಗುಳಿಗೆ ಬೇಕಾದಾಗ ಹರಿಹರದ ಬಸ್ಸು ಹತ್ತುತ್ತಾರೆ ಎಂದು ನನಗೆ ಗೊತ್ತು. ನಾನೂ ಒಂದು ಡಜನ್ ಹಸಿರು ಬಳೆ ತಗೊಂಡು, ಅವಳು ಎದ್ದು ಹೋಗುವವರೆಗೂ ಬಳೆಯ ಸೈಜು ನೋಡುತ್ತಾ ನಿಂತಿದ್ದೆ.